ವಾರ್ಡಿನ ಧರ್ಮ, ನಾಡಿನ ನ್ಯಾಯ

ನೇತ್ರಾವತಿ ಮತ್ತು ಫಲ್ಗುಣಿ ನದಿಗಳು ಮಂಗಳೂರಿನ ಅಳಿವೆಬಾಗಿಲಿನಲ್ಲಿ ಒಟ್ಟಾಗಿ ಕಡಲು ಸೇರುತ್ತವೆ. ದೋಣಿಗಳ ದಾರಿ ಹೂಳದಿರಲೆಂದು ಅಲ್ಲಿ ಎರಡೂ ಬದಿಗೆ ಕಲ್ಲಿನ ಬ್ರೇಕ್‌ವಾಟರ್ ಕಟ್ಟಿದರು. ಉತ್ತರದ ಬೆಂಗ್ರೆ ಬದಿಯಲ್ಲಿ ಮರಳು ಕೂಡುತ್ತ ಬಂತು, ದಕ್ಷಿಣದ ಉಳ್ಳಾಲದ ಬದಿಯಲ್ಲಿ ದಡ ಕೊರೆಯುತ್ತ ಹೋಯಿತು. ಕೋಟೆಪುರ, ಮೊಗವೀರಪಟ್ಣ, ಸುಭಾಷ್‌ನಗರದ ಕಡೆ ಮಳೆಗಾಲ ಬಂತೆಂದರೆ ಸಾಲುಸಾಲು ತೆಂಗಿನಮರಗಳು ನೀರಿಗೆ ಒರಗುತ್ತಿದ್ದವು. ಮನೆಯ ಹಿಂದಿನ ಅಂಗಳ ಹೋಗಿ, ಅಡುಗೆಕೋಣೆ ಹೋಗಿ, ಕೊನೆಗೆ ಎದುರಿನ ಜಗಲಿಯೊಂದೇ ಉಳಿದ ಮನೆಗಳಿದ್ದವು. ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದ ಯೋಜನೆಯಲ್ಲಿ ಉಳ್ಳಾಲದ ಎದುರು ಕಡಲೊಳಗೆ ರೀಫ್ ಕಟ್ಟಿದ್ದಾಯಿತು, ದಡದಲ್ಲಿ ಕಲ್ಲು ಹಾಕಿದ್ದಾಯಿತು. ಆಮೇಲೆ ಕೊರೆತದ ಸುದ್ದಿ ತೆಂಕಕ್ಕೆ ಸರಿದು ಸೋಮೇಶ್ವರ ಉಚ್ಚಿಲ, ಬಟ್ಟಪ್ಪಾಡಿಯಿಂದ ಬರತೊಡಗಿತು.

ಇದರ ಹಿಂದೆ ಯಾರ ದುಷ್ಟತನವೂ ಇಲ್ಲ. ತನ್ನ ಊರಿನವರ ಮನೆ ಉಳಿಯಲಿ ಎಂದು ಜನಪ್ರತಿನಿಧಿ ಕಲ್ಲಿಗಾಗಿ ಓಡಾಡುತ್ತಾನೆ. ಓಡಾಡದಿದ್ದರೆ ಅವನು ಆ ಸ್ಥಾನಕ್ಕೆ ತಕ್ಕವನಲ್ಲ. ಆದರೆ ಅಲೆಯ ಬಲ ಕಲ್ಲಿಗೆ ಬಡಿದು ಇಲ್ಲವಾಗುವುದಿಲ್ಲ. ಪಕ್ಕದ ದಡವನ್ನು ಹುಡುಕಿಕೊಂಡು ಹೋಗುತ್ತದೆ. ಅಲ್ಲಿರುವುದೂ ಮನುಷ್ಯರೇ, ಅವರ ಮನೆಯ ಹಿಂದೆಯೂ ತೆಂಗಿನಮರವೇ. ಧರ್ಮಗ್ರಂಥಗಳು, ದಾರ್ಶನಿಕರು ಬಹುಕಾಲದಿಂದ ಎದುರಿಸುತ್ತ ಬಂದ ಪ್ರಶ್ನೆಯೊಂದು ಉಳ್ಳಾಲದಲ್ಲಿ ಹೀಗೆ ಕಲ್ಲು-ಮರಳಿನ ರೂಪದಲ್ಲಿ ಎದುರು ನಿಲ್ಲುತ್ತದೆ. ಹತ್ತಿರದವರಿಗೆ ಮೊದಲು ಮಾಡುವುದು ಧರ್ಮವೋ, ಪಕ್ಷಪಾತವೋ? ವಾರ್ಡಿನಿಂದ ಹೊರಟು ವಿಧಾನಸೌಧಕ್ಕೋ ದೆಹಲಿಗೋ ಏರಿದ ರಾಜಕಾರಣಿಯ ಬದುಕನ್ನು ಅಳೆಯಬೇಕಾದ ಪ್ರಶ್ನೆಯೂ ಇದೇ.

ಉಳ್ಳಾಲದಲ್ಲಿ ಈ ಪ್ರಶ್ನೆ ಕೇಳಲು ಇನ್ನೊಂದು ಕಾರಣವಿದೆ. ಮೇಲಂಗಡಿಯ ಆಸುಪಾಸಿನಲ್ಲಿ ಸಯ್ಯಿದ್ ಮುಹಮ್ಮದ್ ಶರೀಫುಲ್ ಮದನಿ ಅವರ ದರ್ಗಾ, ಸೋಮೇಶ್ವರದ ಬಂಡೆಯ ಮೇಲೆ ಸೋಮನಾಥ, ಚೀರುಂಭ ಭಗವತಿಯ ಕ್ಷೇತ್ರ, ತೊಕ್ಕೊಟ್ಟಿನ ಹತ್ತಿರ ಪೆರ್ಮನ್ನೂರಿನ ಸಂತ ಸೆಬಾಸ್ಟಿಯನ್ನರ ಇಗರ್ಜಿ, ಎಲ್ಲವೂ ಒಂದೇ ಹರಹಿನಲ್ಲಿವೆ. ಇವುಗಳ ಹಿಂದಿನ ಯಾವ ಧರ್ಮವೂ ನೆರೆಯವನನ್ನು ಮರೆತಿಲ್ಲ. ದಾರಿಯಲ್ಲಿ ಬಿದ್ದ ಮುಳ್ಳನ್ನೋ ಕಲ್ಲನ್ನೋ ಎತ್ತಿ ಬದಿಗಿಡುವುದು ಕೂಡ ಈಮಾನಿನ, ಅಂದರೆ ವಿಶ್ವಾಸದ, ಒಂದು ಶಾಖೆ ಎಂದು ಪ್ರವಾದಿವಚನಗಳ ಪರಂಪರೆ ಹೇಳುತ್ತದೆ. ನೆರೆಯವನು ಯಾರು ಎಂಬ ಪ್ರಶ್ನೆಗೆ ಯೇಸು ಕೊಟ್ಟದ್ದು ಒಂದು ಕತೆ. ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ಎತ್ತಿ ಆರೈಕೆ ಮಾಡಿದವನು ಅವನ ಜಾತಿಯವನಲ್ಲ, ಅವನವರು ತಿರಸ್ಕರಿಸಿದ್ದ ಸಮಾರ್ಯದವನು. ವೈದಿಕ ಪರಂಪರೆ ಯಜ್ಞಯಾಗಗಳನ್ನು ‘ಇಷ್ಟ’ ಎಂದೂ ಬಾವಿ, ಕೆರೆ, ತೋಪು, ಅನ್ನಛತ್ರಗಳನ್ನು ‘ಪೂರ್ತ’ ಎಂದೂ ಕರೆದು ಎರಡನ್ನೂ ಜೋಡಿಯಾಗಿ ಇಟ್ಟಿತು. ಉಳ್ಳಾಲವನ್ನು ಆಳಿದ ಚೌಟರು ಜೈನರು; ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ಚತುರ್ವಿಧ ದಾನ ಅವರಿಗೆ ನಿತ್ಯಧರ್ಮ. ಮೊಗವೀರರು ಕಡಲಿಗಿಳಿಯುವ ಮೊದಲು ನೆನೆಯುವ ದೈವ ಬೊಬ್ಬರ್ಯನಿಗೆ, ಪಾಡ್ದನಗಳೆಂಬ ತುಳು ಹಾಡುಗಳ ಪ್ರಕಾರ, ಮುಸ್ಲಿಂ ಬ್ಯಾರಿ ವ್ಯಾಪಾರಿಯೊಬ್ಬ ತಂದೆ. ತುಳುನಾಡಿನ ದೈವಲೋಕದಲ್ಲಿ ನೆರೆಯವನು ಮನೆಯೊಳಗೇ ಬಂದು ಕೂತಿದ್ದಾನೆ.

ಹಾಗಾದರೆ ತಕರಾರು ಎಲ್ಲಿ? ನೆರೆಯವನನ್ನು ಪ್ರೀತಿಸುವುದು ಒಂದು ಮಾತು. ನೆರೆಯವರೆಲ್ಲರ ತೆರಿಗೆಯ ದುಡ್ಡನ್ನು ಕೈಯಲ್ಲಿ ಹಿಡಿದು ಯಾರ ಮನೆಯೆದುರು ಮೊದಲು ಚರಂಡಿ ಮಾಡಿಸಬೇಕು ಎಂದು ತೀರ್ಮಾನಿಸುವುದು ಬೇರೆಯೇ ಮಾತು. ದಾನದಲ್ಲಿ ಕೊಡುವವನ ಇಷ್ಟ ನಡೆಯುತ್ತದೆ. ಚರಂಡಿಯಲ್ಲಿ ನಡೆಯಬಾರದು.

ಎರಡನೆಯ ಶತಮಾನದ ಸ್ಟೋಯಿಕ್ ದಾರ್ಶನಿಕ ಹಿಯರೋಕ್ಲೀಸ್ ಮನುಷ್ಯನ ಸಂಬಂಧಗಳನ್ನು ಒಂದರ ಸುತ್ತ ಒಂದು ಎಳೆದ ವರ್ತುಲಗಳಾಗಿ ಕಂಡ. ನಡುವೆ ತಾನು, ಸುತ್ತ ಮನೆಯವರು, ಆಮೇಲೆ ಬಂಧುಗಳು, ಊರು, ನಾಡು, ಕಟ್ಟಕಡೆಗೆ ಮನುಷ್ಯಕುಲ. ಹೊರಗಿನ ವರ್ತುಲದವರನ್ನು ಒಂದೊಂದು ಹೆಜ್ಜೆ ಒಳಗೆ ಎಳೆದುಕೊಳ್ಳುವುದೇ ಸಾಧನೆ ಎಂದ. ಅದಕ್ಕೂ ಹಿಂದೆ ಚೀನಾದಲ್ಲಿ ಮೋಜಿ ಎಲ್ಲರ ಮೇಲೂ ಸಮಾನ ಅಕ್ಕರೆ ಇರಬೇಕೆಂದು ವಾದಿಸಿದ್ದಕ್ಕೆ, ಸ್ವಂತ ತಂದೆಯನ್ನೂ ದಾರಿಹೋಕನನ್ನೂ ಒಂದೇ ಎಂದರೆ ತಂದೆಯೇ ಇಲ್ಲವಾದಂತೆ ಎಂದು ಮುಂದೆ ಮೆನ್‌ಶಿಯಸ್ ಸಿಡಿದೆದ್ದ. ಗಾಂಧೀಜಿ 1946ರಲ್ಲಿ ಹರಿಜನ ಪತ್ರಿಕೆಯಲ್ಲಿ ತಮ್ಮ ಕನಸಿನ ಭಾರತವನ್ನು ವಿವರಿಸುವಾಗ ಪಿರಮಿಡ್ಡನ್ನು ಬಿಟ್ಟು ಕಡಲಿನ ವರ್ತುಲವನ್ನು ಆರಿಸಿಕೊಂಡರು. ಹೊರಗಿನ ವರ್ತುಲ ಒಳಗಿನದನ್ನು ತುಳಿಯದೆ ಅದಕ್ಕೆ ಬಲ ಕೊಡಬೇಕು, ತಾನೂ ಅದರಿಂದಲೇ ಬಲ ಪಡೆಯಬೇಕು ಎಂಬುದು ಅವರ ಎಣಿಕೆ.

ಅಂಬೇಡ್ಕರರು ಇದನ್ನು ಒಪ್ಪಲಿಲ್ಲ. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಕರಡನ್ನು ಮಂಡಿಸುತ್ತ ಅವರು ಹಳ್ಳಿಯ ಬಗೆಗಿನ ಭಕ್ತಿಯನ್ನು ನೇರವಾಗಿ ತಿರಸ್ಕರಿಸಿದರು. ಅವರ ಕಣ್ಣಿಗೆ ಹಳ್ಳಿ ಎಂದರೆ ಸಂಕುಚಿತ ಬುದ್ಧಿ, ಅಜ್ಞಾನ, ಜಾತಿಮತದ ಕೂಪ. ಹಳ್ಳಿಯ ಬದಲು ವ್ಯಕ್ತಿಯನ್ನೇ ಸಂವಿಧಾನದ ಘಟಕವಾಗಿ ಮಾಡಿದ್ದಕ್ಕೆ ಅವರು ಸಂತೋಷಪಟ್ಟರು. ಅವರ ಮಾತಿನ ಹಿಂದೆ ಅನುಭವದ ಭಾರವಿತ್ತು. ನೆರೆಹೊರೆ ಎಂಬ ಸುಂದರ ಮಾತಿನೊಳಗೆ ಯಾರ ಕೇರಿ ಎಲ್ಲಿದೆ, ಬಾವಿಗೆ ಯಾರು ಬರಬಹುದು ಎಂಬುದೆಲ್ಲ ಅಡಗಿರುತ್ತದೆ. ಹತ್ತಿರವಿದ್ದೂ ಮುಟ್ಟಬಾರದವರನ್ನಾಗಿ ಮಾಡಿದ್ದು ಇದೇ ನೆರೆಹೊರೆ.

ಈ ಎರಡು ದೃಷ್ಟಿಗಳಲ್ಲಿ ಒಂದನ್ನು ಆರಿಸಿ ಇನ್ನೊಂದನ್ನು ಬಿಡುವುದು ಸುಲಭ. ಕರಾವಳಿಯ ಒಂದು ಪುರಸಭೆಯ ಕತೆ ಹಾಗೆ ಬಿಡಗೊಡುವುದಿಲ್ಲ.

ಉಡುಪಿಯಲ್ಲಿ 1968ರಲ್ಲಿ ಜನಸಂಘ ಪುರಸಭೆಯ ಅಧಿಕಾರ ಹಿಡಿಯಿತು. ಅಧ್ಯಕ್ಷರಾದವರು ಮೂವತ್ತನ್ನೂ ಮುಟ್ಟದ ವೈದ್ಯ, ಡಾ. ವಿ.ಎಸ್. ಆಚಾರ್ಯ. ಮರುವರ್ಷ, 1969ರ ಡಿಸೆಂಬರಿನಲ್ಲಿ, ಅದೇ ಊರಿನಲ್ಲಿ ವಿಶ್ವ ಹಿಂದೂ ಪರಿಷತ್ತಿನ ಸಮ್ಮೇಳನ ನಡೆಯಿತು. ಪೇಜಾವರ ಮಠದ ವಿಶ್ವೇಶತೀರ್ಥರ ಮುಂದಾಳುತನದಲ್ಲಿ ಮಠಾಧೀಶರು ಸೇರಿ, ಅಸ್ಪೃಶ್ಯತೆಗೆ ಶಾಸ್ತ್ರದ ಒಪ್ಪಿಗೆ ಇಲ್ಲ, ಹಿಂದೂಗಳೆಲ್ಲ ಸೋದರರು ಎಂದು ಘೋಷಿಸಿದರು. ಮಠಗಳ ಊರಿನಲ್ಲಿ ಅದು ದೊಡ್ಡ ಮಾತು. ಆದರೆ ಆ ಕಾಲದ ಉಡುಪಿಯಲ್ಲಿ, ಬೇರೆಲ್ಲ ಊರುಗಳಲ್ಲಿದ್ದಂತೆಯೇ, ಒಣ ಕಕ್ಕಸುಗಳಿದ್ದವು. ಮನೆಯ ಹಿಂಬಾಗಿಲಿನ ಸಣ್ಣ ಕಿಂಡಿಯಿಂದ ಮಲ ತೆಗೆದು ಬಕೆಟ್ಟಿನಲ್ಲಿ ತುಂಬಿ ತಲೆಯ ಮೇಲೆ ಹೊತ್ತು ಸಾಗಿಸುವವರಿದ್ದರು. ಮಳೆಗಾಲದ ಕರಾವಳಿಯಲ್ಲಿ ಆ ಬಕೆಟ್ಟಿನಿಂದ ಏನೇನು ಮೈಮೇಲೆ ಇಳಿಯುತ್ತಿತ್ತು ಎಂದು ಊಹಿಸಿದರೆ ಸಾಕು. ಸೋದರತ್ವದ ಘೋಷಣೆ ಆ ಬಕೆಟ್ಟನ್ನು ತಾನಾಗಿ ಇಳಿಸಲಾರದು. ಇಳಿಸಬಲ್ಲದ್ದು ಪುರಸಭೆ. ಮನೆಮನೆಯ ಕಕ್ಕಸು ಬದಲಾಗಬೇಕು, ಅದಕ್ಕೆ ನಿರ್ಣಯ ಬೇಕು, ದುಡ್ಡು ಬೇಕು, ಬದಲಾಯಿಸದ ಮನೆಯವರ ಬಾಗಿಲು ಬಡಿಯುವ ಸಿಬ್ಬಂದಿ ಬೇಕು. ಆಚಾರ್ಯರ ಪುರಸಭೆ ಆ ಕೆಲಸಕ್ಕೆ ಕೈಹಾಕಿ ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಿತು. ದೇಶದಲ್ಲೇ ಮೊದಲು ಇದನ್ನು ಮಾಡಿದ ಊರುಗಳಲ್ಲಿ ಉಡುಪಿಯ ಹೆಸರು ಬರುತ್ತದೆ. ದೇವರಾಜ ಅರಸು ಸರಕಾರದ ಸಚಿವ ಬಿ. ಬಸವಲಿಂಗಪ್ಪನವರು ಇದನ್ನು ರಾಜ್ಯಕ್ಕೆಲ್ಲ ಅನ್ವಯಿಸಿದ್ದು ಆನಂತರ. ಪಾರ್ಲಿಮೆಂಟು ಮೊದಲ ಬಾರಿ ಕಾನೂನು ಮಾಡಿದ್ದು 1993ರಲ್ಲಿ.

ಸಮ್ಮೇಳನದ ಘೋಷಣೆ ಮತ್ತು ಪುರಸಭೆಯ ನಿರ್ಣಯ, ಎರಡರಲ್ಲಿ ಧಾರ್ಮಿಕ ಕ್ರಿಯೆ ಯಾವುದು? ಎರಡನೆಯದು ಎಂದೇ ಹೇಳಬೇಕಾಗುತ್ತದೆ. ಮಠಾಧೀಶರ ಮಾತು ವ್ಯರ್ಥವೆಂದಲ್ಲ. ಅಂಥ ಮಾತು ಆಡದೆ ಉಳಿದಿದ್ದರೆ ಅದೇ ದೊಡ್ಡ ಪಾಪವಾಗುತ್ತಿತ್ತು. ಆದರೆ ಕಕ್ಕಸಿನ ಕಿಂಡಿ ಮುಚ್ಚಿದ ದಿನ ಒಬ್ಬ ಮನುಷ್ಯನ ತಲೆ ನಿಜವಾಗಿ ಹಗುರವಾಯಿತು. ಆ ಹಗುರ ಜಾತಿ ನೋಡಿ ಕೊಟ್ಟ ಉಪಕಾರವೂ ಆಗಿರಲಿಲ್ಲ, ಊರಿಗೆ ಊರೇ ಒಪ್ಪಬೇಕಾದ ನಿಯಮವಾಗಿತ್ತು. ಹತ್ತಿರದವರ ನೋವನ್ನು ಕಣ್ಣಾರೆ ಕಂಡದ್ದರಿಂದ ಹುಟ್ಟಿದ ಕೆಲಸ ಎಲ್ಲರಿಗೂ ಒಂದೇ ಆಗಿ ಅನ್ವಯವಾಗುವ ಕಟ್ಟಳೆಯಾಯಿತು. ಗಾಂಧಿ ಮತ್ತು ಅಂಬೇಡ್ಕರ್ ಇಬ್ಬರಿಗೂ ಇದರಲ್ಲಿ ಪಾಲಿದೆ.

ಅದೇ ಉಡುಪಿ ಪುರಸಭೆಗೆ 1970ರ ದಶಕದಲ್ಲಿ ಸದಸ್ಯರಾಗಿ ಬಂದ ಇನ್ನೊಬ್ಬರು ಕಾಂಗ್ರೆಸ್ಸಿನ ಆಸ್ಕರ್ ಫೆರ್ನಾಂಡಿಸ್. 1941ರ ಮಾರ್ಚ್ 27ರಂದು ಉಡುಪಿಯಲ್ಲೇ ಹುಟ್ಟಿದ ಕ್ಯಾಥೊಲಿಕರು. ಬೇಸಾಯ ಮಾಡಿದವರು, ಯಕ್ಷಗಾನದ ವೇಷ ಕಟ್ಟಿದವರು, ಮೌತ್ ಆರ್ಗನ್ ನುಡಿಸುತ್ತಿದ್ದವರು, ದಿನವೂ ಯೋಗ ಮಾಡುತ್ತಿದ್ದವರು. 1980ರಲ್ಲಿ ಉಡುಪಿಯಿಂದ ಲೋಕಸಭೆಗೆ ಗೆದ್ದರು; 1984, 1989, 1991, 1996ರಲ್ಲೂ ಅಲ್ಲಿಂದಲೇ ಗೆದ್ದರು. ರಾಜೀವ್ ಗಾಂಧಿ ಪ್ರಧಾನಿಯಾದಾಗ ಅರುಣ್ ಸಿಂಗ್, ಅಹ್ಮದ್ ಪಟೇಲ್ ಜೊತೆಗೆ ಅವರ ಸಂಸದೀಯ ಕಾರ್ಯದರ್ಶಿಯಾದರು. 1998ರಲ್ಲಿ ಸೋತ ಬಳಿಕ ರಾಜ್ಯಸಭೆ, ಪಕ್ಷದ ಪ್ರಧಾನ ಕಾರ್ಯದರ್ಶಿ ಸ್ಥಾನ, ಮನಮೋಹನ ಸಿಂಗರ ಸಂಪುಟ. ಇಷ್ಟೆಲ್ಲ ಏರಿದ ಮೇಲೂ ಅವರ ಬಗ್ಗೆ ಕರಾವಳಿಯವರು ಹೇಳುವ ಮಾತು ಒಂದೇ: ಮಧ್ಯರಾತ್ರಿ ಕಳೆದರೂ ಕೂತು ಕೇಳುತ್ತಿದ್ದರು. ಕೆಲಸ ಆಗುವುದೋ ಇಲ್ಲವೋ, ಹೇಳಲು ಬಂದವನ ಮಾತು ಮುಗಿಯುವವರೆಗೆ ಅವರು ಏಳುತ್ತಿರಲಿಲ್ಲ. ತುಳು, ಕೊಂಕಣಿ, ಕನ್ನಡ, ಬಂದವನ ಭಾಷೆ ಯಾವುದೋ ಅದರಲ್ಲೇ ಮಾತು.

ಈ ಕೇಳುವ ಗುಣವನ್ನು ಬರೀ ಸೌಜನ್ಯ ಎಂದು ತಳ್ಳಿಹಾಕಲಾಗದು. ಪುರಸಭೆಯ ಸದಸ್ಯನಿಗೆ ತಪ್ಪಿಸಿಕೊಳ್ಳಲು ಜಾಗವಿಲ್ಲ. ಸಚಿವನನ್ನು ಕಾಣಲು ಪಾಸು ಬೇಕು, ಕೌನ್ಸಿಲರನ್ನು ಮೀನುಪೇಟೆಯಲ್ಲಿ ಹಿಡಿಯಬಹುದು. ದಾರಿದೀಪ ಉರಿಯದಿದ್ದರೆ, ಟ್ಯಾಂಕರ್ ಬಾರದಿದ್ದರೆ, ಖಾತೆ ಬದಲಾವಣೆಯ ಕಡತ ಮುಂದೆ ಹೋಗದಿದ್ದರೆ ಅವನ ಮನೆಯ ಗೇಟು ಬೆಳಗ್ಗೆ ಆರಕ್ಕೇ ಸದ್ದು ಮಾಡುತ್ತದೆ. ಗೇಟು ತಟ್ಟಿದವನು ಓಟು ಹಾಕಿದವನೋ, ವಿರುದ್ಧ ಪ್ರಚಾರ ಮಾಡಿದವನೋ ಎಂಬುದು ಇಬ್ಬರಿಗೂ ಗೊತ್ತಿರುತ್ತದೆ. ಗೊತ್ತಿದ್ದೂ ಕೇಳಬೇಕಾಗುತ್ತದೆ. ತಾನು ಆರಿಸದ ಮನುಷ್ಯನ ಮಾತನ್ನು ಪೂರ್ತಿ ಕೇಳುವ ಈ ಅಭ್ಯಾಸ ಯಾವ ಮಠದ ಜಪಕ್ಕೂ ಕಡಿಮೆಯದಲ್ಲ. ಮತಧರ್ಮಗಳು ಹೇಳುವ ಅಹಂಕಾರದ ಕರಗುವಿಕೆ ರಾಜಕಾರಣದಲ್ಲಿ ಎಲ್ಲಾದರೂ ಸಾಧ್ಯವಿದ್ದರೆ ಇಲ್ಲಿ ಸಾಧ್ಯ.

ಕೇಳಿದ್ದು ದೆಹಲಿಯವರೆಗೆ ಹೋಯಿತೇ? ಆಸ್ಕರ್ 2006ರಿಂದ 2009ರವರೆಗೆ ಕಾರ್ಮಿಕ ಖಾತೆಯ ಸ್ವತಂತ್ರ ಹೊಣೆಯ ರಾಜ್ಯಸಚಿವರಾಗಿದ್ದರು. ಬಡತನ ರೇಖೆಯ ಕೆಳಗಿನ ಕುಟುಂಬದ ಐದು ಜನರಿಗೆ ವರ್ಷಕ್ಕೆ 30,000 ರೂಪಾಯಿಯವರೆಗಿನ ಆಸ್ಪತ್ರೆ ಖರ್ಚು ಭರಿಸುವ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆ ಶುರುವಾದದ್ದು 2008ರಲ್ಲಿ, ಆ ಖಾತೆಯಿಂದಲೇ. ಅಸಂಘಟಿತ ಕಾರ್ಮಿಕರ ಸಾಮಾಜಿಕ ಭದ್ರತಾ ಕಾಯ್ದೆಯೂ ಅದೇ ವರ್ಷದ್ದು. ಉಳ್ಳಾಲದಂಥ ಊರಿನಲ್ಲಿ ಮನೆಯ ಜಗಲಿಯಲ್ಲಿ ಕೂತು ಮಡಿಲಲ್ಲಿ ಮೊರ ಇಟ್ಟು ಬೀಡಿ ಕಟ್ಟುವ ಹೆಂಗಸರನ್ನು ದಿನವೂ ನೋಡುತ್ತ ಬೆಳೆದ ಕರಾವಳಿಯ ಮನುಷ್ಯನಿಗೆ ಅಸಂಘಟಿತ ಕಾರ್ಮಿಕ ಎಂಬುದು ಕಡತದ ಶಬ್ದವಾಗಿ ಮಾತ್ರ ಉಳಿಯಲಾರದು. ಕಾಯ್ದೆ ದುರ್ಬಲವಾಗಿತ್ತು, ಹಕ್ಕಿಗಿಂತ ಯೋಜನೆಗಳ ಪಟ್ಟಿಯೇ ಅದರಲ್ಲಿ ಹೆಚ್ಚಿತ್ತು ಎಂಬ ಕಾರ್ಮಿಕ ಸಂಘಗಳ ಟೀಕೆಯಲ್ಲಿ ಹುರುಳಿದೆ. ಹಾಗಿದ್ದರೂ ಹತ್ತಿರದ ವರ್ತುಲದ ಅನುಭವ ಹೊರಗಿನ ವರ್ತುಲಕ್ಕೆ ತಲುಪಿದ ಗುರುತು ಅಲ್ಲಿದೆ.

ಆಚಾರ್ಯರ ಏರುದಾರಿ ಬೇರೆ ಬಗೆಯ ಪಾಠ. ತುರ್ತುಪರಿಸ್ಥಿತಿಯಲ್ಲಿ ಜೈಲಿಗೆ ಹೋದರು, 1983ರಲ್ಲಿ ಉಡುಪಿಯಿಂದ ಶಾಸಕರಾದರು, 2008ರಲ್ಲಿ ಯಡಿಯೂರಪ್ಪನವರ ಸಂಪುಟದಲ್ಲಿ ಗೃಹ ಸಚಿವರಾದರು. ಆ ವರ್ಷದ ಸೆಪ್ಟೆಂಬರಿನಲ್ಲಿ ಮಂಗಳೂರು ಮತ್ತು ಸುತ್ತಮುತ್ತ ಚರ್ಚು, ಪ್ರಾರ್ಥನಾಲಯಗಳ ಮೇಲೆ ದಾಳಿ ನಡೆಯಿತು. ದಾಳಿಗೊಳಗಾದವರು ದೂರದವರಲ್ಲ, ಗೃಹ ಸಚಿವರ ಸ್ವಂತ ಕರಾವಳಿಯ ಜನ, ಅವರ ವೈದ್ಯವೃತ್ತಿಯ ಕಾಲದಿಂದ ಸುತ್ತ ಇದ್ದ ಸಮುದಾಯ. ಸರಕಾರದ ಮತ್ತು ಪೊಲೀಸರ ನಡೆ ತೀವ್ರ ಟೀಕೆಗೆ ಗುರಿಯಾಯಿತು, ನ್ಯಾಯಮೂರ್ತಿ ಬಿ.ಕೆ. ಸೋಮಶೇಖರ ಆಯೋಗ ನೇಮಕವಾಯಿತು. ಎರಡು ವರ್ಷ ಕಳೆದು 2010ರ ಜುಲೈಯಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ, ತಮ್ಮನ್ನು ಒಕ್ಕಲೆಬ್ಬಿಸಲು ಹೊರಟ ಪುರಸಭೆಯ ಎದುರೇ, ಮಲ ಹೊರುವ ಕೆಲಸದ ಭಂಗಿ ಸಮುದಾಯದವರು ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಿದರು. ನಲವತ್ತು ವರ್ಷಗಳ ಹಿಂದೆ ಉಡುಪಿಯ ಪುರಸಭೆ ಇಳಿಸಿದ ಹೊರೆ ಸವಣೂರಿನಲ್ಲಿ ಇನ್ನೂ ಇಳಿದಿರಲಿಲ್ಲ, ಆ ಹೊರೆ ಇಳಿಸಿದ್ದ ಅಧ್ಯಕ್ಷರು ರಾಜ್ಯದ ಸಂಪುಟದಲ್ಲಿ ಹಿರಿಯ ಸಚಿವರಾಗಿದ್ದರು. ಪೌರಾಡಳಿತ ಅವರ ಖಾತೆಯಾಗಿರಲಿಲ್ಲ, ಸವಣೂರಿನ ತಪ್ಪನ್ನು ಅವರ ಮೇಲೆ ಹೊರಿಸುವುದು ನ್ಯಾಯವಲ್ಲ. ಕೇಳಬೇಕಾದ್ದು ಬೇರೆ: ಒಂದು ಊರಿನಲ್ಲಿ ಕಲಿತ ಧರ್ಮವನ್ನು ಮೇಲೇರಿದ ಮನುಷ್ಯ ಏಕೆ ಜೊತೆಯಲ್ಲಿ ಒಯ್ಯಲಾರ? ಉಡುಪಿಯಲ್ಲಿ ಅವರು ಎಲ್ಲರ ಅಧ್ಯಕ್ಷರಾಗಿದ್ದರು. ಬೆಂಗಳೂರಿನಲ್ಲಿ ಅವರು ಒಂದು ಪಕ್ಷದ, ಅದರ ಪರಿವಾರದ, ಅದರ ಲೆಕ್ಕಾಚಾರದ ಭಾಗವಾದರು. ಇದು ಆಚಾರ್ಯರೊಬ್ಬರ ಕತೆಯಲ್ಲ. ವರ್ತುಲ ದೊಡ್ಡದಾದಂತೆ ಅದರೊಳಗಿನ ಮನುಷ್ಯ ದೊಡ್ಡವನಾಗುತ್ತಾನೆ ಎಂಬ ಹಿಯರೋಕ್ಲೀಸನ ಭರವಸೆ ಎಲ್ಲ ಪಕ್ಷಗಳಲ್ಲೂ ಹೀಗೆ ಮುರಿದುಬಿದ್ದಿದೆ.

ಸ್ಪೇನಿನ ಕ್ಯಾಟಲೋನಿಯದಲ್ಲಿ ಊರಿನ ಆಡಳಿತದಿಂದ ಮೇಲೇರುವ ಇದೇ ದಾರಿ ಹಿಡಿದವರೊಬ್ಬರಿದ್ದಾರೆ, ಸಾಲ್ವಡೋರ್ ಇಲ್ಲಾ. ಓದಿದ್ದು ತತ್ತ್ವಶಾಸ್ತ್ರ, ಬಾರ್ಸಿಲೋನಾ ವಿಶ್ವವಿದ್ಯಾಲಯದಲ್ಲಿ. 1966ರಲ್ಲಿ ತಾವು ಹುಟ್ಟಿದ ಲಾ ರೋಕಾ ದೆಲ್ ವಾಯೆಸ್ ಎಂಬ ಸಣ್ಣ ಊರಿನಲ್ಲಿ 1987ರಲ್ಲಿ ಕೌನ್ಸಿಲರ್ ಆದರು, 1995ರಿಂದ 2005ರವರೆಗೆ ಅಲ್ಲಿಯ ಮೇಯರ್ ಆಗಿದ್ದರು. 2020ರ ಜನವರಿಯಲ್ಲಿ ಸ್ಪೇನಿನ ಆರೋಗ್ಯ ಸಚಿವರಾದರು. ಎರಡು ತಿಂಗಳೊಳಗೆ ಕೋವಿಡ್ ದೇಶವನ್ನು ಮುತ್ತಿತು. 2024ರ ಆಗಸ್ಟಿನಲ್ಲಿ ಕ್ಯಾಟಲೋನಿಯದ ಅಧ್ಯಕ್ಷರಾದರು. ಸಮಾಜವಾದಿ ಪಕ್ಷದವರು, ಕ್ರೈಸ್ತ ವಿಶ್ವಾಸವನ್ನು ಮುಚ್ಚಿಟ್ಟವರೂ ಅಲ್ಲ. ಸ್ವಾತಂತ್ರ್ಯದ ಕೂಗಿನಲ್ಲಿ ನೆರೆಹೊರೆಯೇ ಎರಡಾಗಿ ಸೀಳಿದ್ದ ನಾಡಿನಲ್ಲಿ ಅವರು ಹಿಡಿದದ್ದು ಊರಿನ ಆಡಳಿತಗಾರನ ಭಾಷೆಯನ್ನು: ಮನೆ, ರೈಲು, ನೀರು. ಇದನ್ನು ದೊಡ್ಡ ಪ್ರಶ್ನೆಗಳಿಂದ ನುಣುಚಿಕೊಳ್ಳುವ ಉಪಾಯ ಎಂದು ವಿರೋಧಿಗಳು ಟೀಕಿಸುತ್ತಾರೆ, ಆ ಟೀಕೆ ಪೂರ್ತಿ ಸುಳ್ಳಲ್ಲ. ಆದರೆ ಅಸ್ಮಿತೆಗಳು ಜನರನ್ನು ಸೀಳಿದಾಗ ಮತ್ತೆ ಒಂದೇ ಕೋಣೆಯಲ್ಲಿ ಕೂರಿಸಬಲ್ಲದ್ದು ನೀರಿನ ವಿಷಯವೇ. ಕ್ಯಾಥೊಲಿಕ್ ಚಿಂತನೆಯಲ್ಲಿ ಇದಕ್ಕೊಂದು ತಳಹದಿಯೂ ಇದೆ. ಸಣ್ಣ ಸಮುದಾಯ ತಾನೇ ಮಾಡಬಲ್ಲ ಕೆಲಸವನ್ನು ದೊಡ್ಡದು ಕಿತ್ತುಕೊಳ್ಳುವುದು ಅನ್ಯಾಯ ಎಂದು ಹನ್ನೊಂದನೆಯ ಪಯಸ್ ಪೋಪರು 1931ರ ತಮ್ಮ ವಿಶ್ವಪತ್ರದಲ್ಲಿ ಬರೆದರು. ಫ್ಯಾಸಿಸ್ಟ್ ಪ್ರಭುತ್ವ ಇಟಲಿಯಲ್ಲಿ ಎಲ್ಲವನ್ನೂ ನುಂಗುತ್ತಿದ್ದ ಕಾಲ ಅದು.

ಅಸ್ಮಿತೆಯೊಂದೇ ಓಟನ್ನು ತೀರ್ಮಾನಿಸುವುದಿಲ್ಲ ಎಂಬುದಕ್ಕೆ ಉಳ್ಳಾಲದ ವಿಧಾನಸಭಾ ಇತಿಹಾಸವೇ ಒಂದು ಸಾಕ್ಷಿ. 1962ರಲ್ಲಿ ಇಲ್ಲಿಂದ ಗೆದ್ದವರು ಕಮ್ಯುನಿಸ್ಟ್ ಪಕ್ಷದ ಎ. ಕೃಷ್ಣ ಶೆಟ್ಟಿ. 1967ರಲ್ಲಿ ಕಾಂಗ್ರೆಸ್ಸಿನ ಬಿ.ಎಂ. ಇದಿನಬ್ಬ, ಕನ್ನಡದ ಕವಿ, ಕನ್ನಡಕ್ಕಾಗಿ ಹೋರಾಡಿದ ಬ್ಯಾರಿ ಸಮುದಾಯದವರು. 1985, 1989ರಲ್ಲೂ ಅವರೇ. 1972 ಮತ್ತು 1978ರಲ್ಲಿ ಯು.ಟಿ. ಫರೀದ್, 1983ರಲ್ಲಿ ಸಿಪಿಎಂನ ಪಿ. ರಾಮಚಂದ್ರ ರಾವ್, 1994ರಲ್ಲಿ ಬಿಜೆಪಿಯ ಕೆ. ಜಯರಾಮ ಶೆಟ್ಟಿ. ಹಂಚಿನ ಕಾರ್ಖಾನೆ, ಬೀಡಿ, ಮೀನುಗಾರಿಕೆಯ ಊರು ಒಂದೊಂದು ಸಲ ಒಂದೊಂದು ಗುರುತಿನಲ್ಲಿ ಓಟು ಹಾಕಿದೆ. ಕೋಮು ಗಲಭೆಗಳ ಗಾಯವೂ ಇರುವ ಈ ಊರಿನ ಬಗ್ಗೆ ಹೊರಗಿನವರು ಸಲೀಸಾಗಿ ಆಡುವ ಮಾತುಗಳಿಗೆ ಈ ಪಟ್ಟಿ ಒಗ್ಗುವುದಿಲ್ಲ.

ಮತ್ತೆ ಶಾಸಕರಾಗಿದ್ದ ಫರೀದರ ಮರಣಾನಂತರ 2007ರ ಉಪಚುನಾವಣೆಯಲ್ಲಿ ಗೆದ್ದು ಬಂದ ಮಗ ಯು.ಟಿ. ಖಾದರ್ ವಾರ್ಡಿನಿಂದ ಏರಿದವರಲ್ಲ, ತಂದೆಯ ಕ್ಷೇತ್ರಕ್ಕೆ ಬಂದವರು. ಆದರೂ ಹತ್ತಿರದವರಿಗೆ ಮೊದಲೋ, ಎಲ್ಲರಿಗೂ ಸಮವೋ ಎಂಬ ಪ್ರಶ್ನೆಯನ್ನು ಅತ್ಯಂತ ಕಠಿಣವಾಗಿ ಎದುರಿಸಬೇಕಾಗಿ ಬಂದವರು ಅವರು. 2018ರಲ್ಲಿ ದಕ್ಷಿಣ ಕನ್ನಡದಿಂದ ಗೆದ್ದ ಏಕೈಕ ಕಾಂಗ್ರೆಸ್ ಶಾಸಕ. ಆರೋಗ್ಯ, ಆಹಾರ, ನಗರಾಭಿವೃದ್ಧಿ ಖಾತೆಗಳನ್ನು ನೋಡಿದ ಸಚಿವ. 2023ರ ಮೇ 24ರಂದು ವಿಧಾನಸಭೆಯ ಸಭಾಧ್ಯಕ್ಷರಾದರು. ಆ ಪೀಠಕ್ಕೆ ಏರಿದ ಮೊದಲ ಮುಸ್ಲಿಂ. ಎರಡು ತಿಂಗಳೊಳಗೆ, ಜುಲೈಯಲ್ಲಿ, ಉಪಸಭಾಧ್ಯಕ್ಷರ ಮೇಲೆ ಕಾಗದ ಹರಿದೆಸೆದ ಗದ್ದಲದ ನಂತರ ಬಿಜೆಪಿಯ ಹತ್ತು ಶಾಸಕರನ್ನು ಅವರು ಅಮಾನತು ಮಾಡಿದರು. ಹತ್ತರಲ್ಲಿ ಮಂಗಳೂರು ದಕ್ಷಿಣದ ವೇದವ್ಯಾಸ ಕಾಮತ್, ಉತ್ತರದ ಭರತ್ ಶೆಟ್ಟಿ, ಮೂಡುಬಿದಿರೆಯ ಉಮಾನಾಥ ಕೋಟ್ಯಾನ್, ಉಡುಪಿಯ ಯಶಪಾಲ್ ಸುವರ್ಣ ಇದ್ದರು. ನೇತ್ರಾವತಿ ಸೇತುವೆ ದಾಟಿದರೆ ಸಿಗುವ ಕ್ಷೇತ್ರದವರು, ಒಂದೇ ಮದುವೆಮನೆಗಳಲ್ಲಿ ಎದುರಾಗುವವರು. 2025ರ ಮಾರ್ಚಿನಲ್ಲಿ ಹದಿನೆಂಟು ಶಾಸಕರು ಆರು ತಿಂಗಳಿಗೆ ಅಮಾನತಾದರು, ಮೇ ತಿಂಗಳಲ್ಲಿ ಆ ಆದೇಶ ಹಿಂದಕ್ಕೆ ಹೋಯಿತು. ಶಿಸ್ತು ಉಳಿಯಿತೆಂದು ಕೆಲವರು, ಪೀಠ ಪಕ್ಷದ ಪರ ವಾಲಿತೆಂದು ಕೆಲವರು. ಆರು ತಿಂಗಳು ಎಂಬುದು ಹೆಚ್ಚಾಯಿತು ಎಂದೇ ಕಾಣುತ್ತದೆ. ಅಷ್ಟು ಕಾಲ ಒಬ್ಬ ಶಾಸಕನನ್ನು ಹೊರಗಿಟ್ಟರೆ ಶಿಕ್ಷೆ ಬೀಳುವುದು ಅವನಿಗಿಂತ ಹೆಚ್ಚಾಗಿ ಅವನ ಕ್ಷೇತ್ರದ ಜನರಿಗೆ.

ಸಭಾಧ್ಯಕ್ಷನ ಸ್ಥಾನದಲ್ಲಿ ಇನ್ನೊಂದು ತ್ಯಾಗವಿದೆ, ಅದರ ಬಗ್ಗೆ ಚರ್ಚೆಯಾಗುವುದು ಕಡಿಮೆ. ಪೀಠದಲ್ಲಿ ಕೂತವನು ಸದನದ ಚರ್ಚೆಯಲ್ಲಿ ಪಾಲ್ಗೊಳ್ಳುವಂತಿಲ್ಲ. ಉಚ್ಚಿಲದ ಕೊರೆತವನ್ನು ಕುಂದಾಪುರದ ಶಾಸಕ ಪ್ರಸ್ತಾಪಿಸಬಹುದು, ಉಳ್ಳಾಲದ ಶಾಸಕ ಎದ್ದುನಿಂತು ಕೇಳುವಂತಿಲ್ಲ. ಸಚಿವರ ಕೋಣೆಗೆ ಹೋಗಿ ಹೇಳಬಹುದು, ಪತ್ರ ಬರೆಯಬಹುದು, ಸದನದ ದಾಖಲೆಯಲ್ಲಿ ಮಾತ್ರ ಅವನ ಊರಿನ ದನಿ ಇರುವುದಿಲ್ಲ. ಬ್ರಿಟನ್ನಿನಲ್ಲಿ ಸ್ಪೀಕರ್ ಆದವರು ಪಕ್ಷವನ್ನೇ ಬಿಡುತ್ತಾರೆ. ನಮ್ಮಲ್ಲಿ ಪಕ್ಷವೂ ಉಳಿಯುತ್ತದೆ, ಮುಂದಿನ ಚುನಾವಣೆಯೂ ಕಾಯುತ್ತಿರುತ್ತದೆ. ಹತ್ತಿರದವರ ದನಿಯಾಗಿರುವ ಹೊಣೆ, ಎಲ್ಲರಿಗೂ ಸಮನಾಗಿರುವ ಹೊಣೆ, ಎರಡನ್ನೂ ಒಬ್ಬನೇ ಮನುಷ್ಯನ ಮೇಲೆ ಹೇರಿ ಅವನು ಎರಡರಲ್ಲೂ ಗೆಲ್ಲಲಿ ಎಂದು ಬಯಸುವುದು ದೊಡ್ಡ ಬೇಡಿಕೆ. ಗೀತೆ ಹೇಳುವ ಲೋಕಸಂಗ್ರಹ, ಅಂದರೆ ಲೋಕಹಿತದ ಹೊಣೆ, ಈ ಬೇಡಿಕೆಯನ್ನು ರಾಜನ ಮುಂದಿಡುತ್ತದೆ. ಸಾಕ್ಷಿ ನುಡಿಯುವಾಗ ಸ್ವಂತ ತಂದೆತಾಯಿಗೆ ವಿರುದ್ಧವಾದರೂ ನ್ಯಾಯದ ಪರ ನಿಲ್ಲಬೇಕೆಂಬ ಕುರ್‌ಆನಿನ ಆಣತಿ ಅದನ್ನು ಪ್ರತಿ ವಿಶ್ವಾಸಿಯ ಮುಂದಿಡುತ್ತದೆ.

ಮೇಲಿನ ಸ್ಥಾನದಲ್ಲಿದ್ದೂ ಊರಿನ ಕೆಲಸ ಬಿಡದವರು ಉಳ್ಳಾಲದಲ್ಲಿ ಹಿಂದೆಯೇ ಇದ್ದರು. ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲ ವಲ್ಲೆ 1623ರಲ್ಲಿ ಉಳ್ಳಾಲದ ರಾಣಿಯನ್ನು ಕಂಡ. ಪೋರ್ಚುಗೀಸರ ವಿರುದ್ಧ ಕಾದಿದ ಅಬ್ಬಕ್ಕನ ವಂಶದ, ಅದೇ ಹೆಸರಿನ ನಂತರದ ರಾಣಿ ಆಕೆ ಎಂದು ಇತಿಹಾಸಕಾರರ ಅಭಿಪ್ರಾಯ. ಅವನು ಅರಮನೆಯ ವೈಭವ ನಿರೀಕ್ಷಿಸಿದ್ದ. ಎದುರಾದದ್ದು ಬರಿಗಾಲಿನಲ್ಲಿ, ಸಾದಾ ಹತ್ತಿಯ ಬಟ್ಟೆಯಲ್ಲಿ, ತಾಳೆಗರಿಯ ಕೊಡೆಯ ನೆರಳಿನಲ್ಲಿ ನಡೆದು ಬರುತ್ತಿದ್ದ ಹೆಂಗಸು. ನೀರಿನ ಕಾಲುವೆ ತೋಡುವುದನ್ನು ನೋಡಿಕೊಂಡು ಮರಳುತ್ತಿದ್ದಳು. ನೋಟಕ್ಕೆ ರಾಣಿಯಂತಿಲ್ಲ, ಮಾತಿಗೆ ರಾಣಿಯೇ ಎಂಬರ್ಥದಲ್ಲಿ ಅವನು ಬರೆದುಕೊಂಡ. ಕತ್ತಿ ಹಿಡಿದ ಅಬ್ಬಕ್ಕನ ಪ್ರತಿಮೆಗಳು ಹಲವೆಡೆ ಇವೆ. ಕಾಲುವೆ ನೋಡಲು ಹೋದ ರಾಣಿಗೂ ಒಂದು ಪ್ರತಿಮೆ ಆಗಬೇಕಿತ್ತು.

ಆ ಕಾಲುವೆ ಈಗ ಸಂವಿಧಾನದ ಹನ್ನೆರಡನೆಯ ಅನುಸೂಚಿಯಲ್ಲಿದೆ. 1993ರ ಜೂನ್ 1ರಿಂದ ಜಾರಿಗೆ ಬಂದ 74ನೇ ತಿದ್ದುಪಡಿ ನಗರಾಡಳಿತಕ್ಕೆ ಹದಿನೆಂಟು ವಿಷಯಗಳನ್ನು ಹೆಸರಿಸಿತು. ಕುಡಿಯುವ ನೀರು, ರಸ್ತೆ, ದಾರಿದೀಪಗಳ ಜೊತೆಗೆ ಜನನ-ಮರಣದ ನೋಂದಣಿ, ಸ್ಮಶಾನ, ದಫನಭೂಮಿಗಳೂ ಅದರಲ್ಲಿವೆ. ಧರ್ಮಗಳು ತಮ್ಮದೆಂದು ಭಾವಿಸುವ ಹುಟ್ಟು ಮತ್ತು ಸಾವು ಎರಡೂ ಉಳ್ಳಾಲ ನಗರಸಭೆಯ, ಸೋಮೇಶ್ವರ ಪುರಸಭೆಯ, ಕೋಟೆಕಾರು ಪಟ್ಟಣ ಪಂಚಾಯತಿನ ರಿಜಿಸ್ಟರಿನಲ್ಲಿ ಒಂದೇ ಸಾಲಿನಲ್ಲಿ ದಾಖಲಾಗುತ್ತವೆ. ಖಬರಸ್ಥಾನಕ್ಕೆ ಹೋಗುವ ದಾರಿಗೂ ಚಿತಾಗಾರದ ತಗಡಿನ ಮಾಡಿಗೂ ಮಂಜೂರಾತಿ ಕೊಡುವುದು ಒಂದೇ ಸಭೆ. ಅಲ್ಲಿ ಕೂತ ಸದಸ್ಯ ಎರಡನ್ನೂ ಒಂದೇ ಕಣ್ಣಿನಿಂದ ನೋಡಲು ಕಲಿತರೆ ಅವನಿಗೆ ಮುಂದೆ ಬೇರೆ ಯಾರೂ ಜಾತ್ಯತೀತತೆಯ ಪಾಠ ಹೇಳಬೇಕಾಗಿಲ್ಲ. ಕಲಿಯದೆ ಮೇಲೇರಿದರೆ ಯಾವ ಪಾಠವೂ ನಾಟುವುದಿಲ್ಲ.

ಕರ್ನಾಟಕ ಈ ಕಲಿಕೆಯಲ್ಲಿ ದೇಶಕ್ಕಿಂತ ಮುಂದಿತ್ತು. ಅಬ್ದುಲ್ ನಜೀರ್ ಸಾಬರು ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದಾಗ ಬಂದ 1983ರ ಕಾಯ್ದೆ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿಗಳಿಗೆ ನಿಜವಾದ ಅಧಿಕಾರ ಕೊಟ್ಟಿತು, ಹೆಂಗಸರಿಗೆ ನೂರಕ್ಕೆ ಇಪ್ಪತ್ತೈದು ಸ್ಥಾನ ಮೀಸಲಿಟ್ಟಿತು. 1987ರ ಜನವರಿಯಲ್ಲಿ ಚುನಾವಣೆ ನಡೆಯಿತು. ಊರೂರಿಗೆ ಬೋರ್‌ವೆಲ್ ಕೊರೆಸಿದ ಅವರನ್ನು ಜನ ನೀರ್ ಸಾಬ್ ಎಂದೇ ಕರೆದರು. ಆ ನಾಡಿನಲ್ಲೇ ಜಿಲ್ಲಾ ಪಂಚಾಯತ್, ತಾಲೂಕು ಪಂಚಾಯತ್ ಚುನಾವಣೆಗಳು 2016ರ ಬಳಿಕ ನಿಂತುಹೋದವು. 2021ರಲ್ಲಿ ಸದಸ್ಯರ ಅವಧಿ ಮುಗಿಯಿತು. ಕ್ಷೇತ್ರ ವಿಂಗಡಣೆ, ಮೀಸಲಾತಿ, ನ್ಯಾಯಾಲಯದ ಮೆಟ್ಟಿಲು ಎನ್ನುತ್ತ ವರ್ಷಗಳು ಕಳೆದವು. ಇದರಲ್ಲಿ ಬಿಜೆಪಿ ಸರಕಾರಕ್ಕೂ ಕಾಂಗ್ರೆಸ್ ಸರಕಾರಕ್ಕೂ ಪಾಲಿದೆ. ಶಾಸಕರಿಗೆ ಇದರಿಂದ ತೊಂದರೆಯಿಲ್ಲ. ಕೆಳಗಿನಿಂದ ಏರಿ ಬರುವ ಸ್ಪರ್ಧಿ ಇಲ್ಲ, ಅನುದಾನ ಹಂಚುವಾಗ ಎದುರು ಮಾತಾಡುವ ಸದಸ್ಯ ಇಲ್ಲ. ಆಡಳಿತಾಧಿಕಾರಿ ಕಡತಕ್ಕೆ ಸಹಿ ಹಾಕುತ್ತಾನೆ. ಅವನಿಗೆ ವರ್ಗವಾಗುತ್ತದೆ, ಇನ್ನೊಬ್ಬ ಬರುತ್ತಾನೆ. ಹಳ್ಳಿಯ ಹೆಂಗಸೊಬ್ಬಳು ಬೆಳಗ್ಗೆ ಆರಕ್ಕೆ ಹೋಗಿ ತಟ್ಟಬಹುದಾದ ಗೇಟು ಆ ಊರಿನಲ್ಲಿ ಒಂದು ಕಡಿಮೆಯಾಗಿದೆ.